ಹರಕುಕಿವಿಯ ತಲೆ

ಬೋಜ್‌ತೋಬೆ
14 ಅಕ್ಟೋಬರ್ 1977, ಶುಕ್ರವಾರ

ಮರ್ಜಿಯಾಳ ಅಪ್ಪನವರಿಗೆ,

ಕಾಲು ಹೇಗಿದೆ? ಪ್ಲಾಸ್ಟರು ಬಿಚ್ಚಿದರೋ, ಇಲ್ಲ ಡಾಕ್ಟರು ಇನ್ನೂ ‘ಮುಂದಿನ ವಾರ, ಮುಂದಿನ ವಾರ’ ಅನ್ನುತ್ತಲೇ ಇದ್ದಾರೋ? ಒಳಗೆ ತುರಿಸುತ್ತದೆ ಎಂದು ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುವಾಗ ನರ್ಸಮ್ಮನ ಕೈಗೆ ಸಿಕ್ಕಿಬಿದ್ದಿರಂತೆ. ಟಪಾಲು ಲಾರಿಯ ಡ್ರೈವರು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದಾನೆ. ಸಣ್ಣ ಮಗುವಿನ ಹಾಗೆ ಆಡಬೇಡಿ. ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಮಲಗಿ. ಕಿಟಕಿ ಪಕ್ಕದ ಹಾಸಿಗೆ ಬೇಡವೆಂದು ಗಟ್ಟಿಯಾಗಿ ಹೇಳಿ. ನಿಮ್ಮ ಗಟ್ಟಿತನವೆಲ್ಲ ಬೆಟ್ಟದ ಮೇಲೆ ಒಬ್ಬರೇ ಇದ್ದಾಗ. ಮನುಷ್ಯರ ಮುಂದೆ ನಿಮ್ಮ ಬಾಯಿಂದ ‘ಬೇಡ’ ಅನ್ನುವ ಮಾತು ಹೊರಟದ್ದನ್ನು ನಾನಂತೂ ಕೇಳಿಲ್ಲ. ಆಸ್ಪತ್ರೆಯ ಗಂಜಿ ಕುಡಿದು ನಾಲಿಗೆ ಸತ್ತುಹೋಗಿದೆ, ಯಾರಾದರೂ ಈ ಕಡೆ ಬರುವವರಿದ್ದರೆ ಮನೆಯ ಮಾಂಸ ಒಂದಿಷ್ಟು ಕಳಿಸು ಎಂದು ಹೋದ ಕಾಗದದ ಆರಂಭದಲ್ಲೂ ಬರೆದಿದ್ದೀರಿ, ಕೊನೆಯಲ್ಲೂ ಬರೆದಿದ್ದೀರಿ. ಈ ಸಲ ಕಳಿಸುತ್ತಿಲ್ಲ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಅಮ್ಮನ ಕೆಮ್ಮು ಕಡಿಮೆಯಾಗಿದೆ, ಬೈಗುಳ ಕಡಿಮೆಯಾಗಿಲ್ಲ. ಮರ್ಜಿಯಾಳ ಮುಂದಿನ ಹಲ್ಲು ಬಿತ್ತು. ಅಪ್ಪ ಬಂದ ಮೇಲೆ ತೋರಿಸಬೇಕು ಅಂತ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ.

ನಮ್ಮ ಬೆಟ್ಟದ ಕಾಡುಕುರಿ ನೋಡಲು ಬರಬೇಕಿದ್ದ ನಿಮ್ಮ ಆಯೋಗದವರು ಬಂದು ಹೋದರು. ಬಂದರು, ತಿಂದರು, ಹೋದರು, ಅಷ್ಟೇ. ನಿನ್ನೆಯಿಂದ ದೊಡ್ಡ ಕಡಾಯಿಯನ್ನು ಬೂದಿ ಹಾಕಿ ಹಾಕಿ ತಿಕ್ಕಿದ್ದೇನೆ, ಆದರೂ ಆ ಜಿಡ್ಡು ನನ್ನ ಕೈಬಿಟ್ಟು ಹೋಗಿಲ್ಲ ಅನ್ನಿಸುತ್ತಿದೆ. ಹಾಸಿಗೆ ಹಿಡಿದವರಿಗೆ ಇಂಥದ್ದೆಲ್ಲ ಬರೆಯಬಾರದು ಎಂದು ನಿಮ್ಮ ಅಮ್ಮ ಹೇಳಿದರು. ನಾನು ಬರೆಯದಿದ್ದರೆ ಬೇರೆಯವರು ಸಕ್ಕರೆ ಸವರಿ ಹೇಳುತ್ತಾರೆ, ನೀವು ಅದನ್ನು ನಂಬುತ್ತೀರಿ. ಅದಕ್ಕೇ ನಾನೇ ಬರೆಯುತ್ತೇನೆ, ಸಿಟ್ಟು ಮಾಡಿಕೊಳ್ಳುವುದಿದ್ದರೆ ಮಾಡಿಕೊಳ್ಳಿ.

ಮದುವೆಯಾದ ಹೊಸತರಲ್ಲಿ ನನ್ನ ತವರಿನ ಕೌದಿಯ ಅಂಚಿನಿಂದ ನೂಲು ಕಿತ್ತು ಚಾಪೆಯ ಮೇಲೆ ಸಾಲಾಗಿ ಇಟ್ಟು ನನಗೆ ಪಾಠ ಮಾಡಿದ್ದಿರಲ್ಲ, ನೆನಪಿದೆಯೇ? ನನಗೆ ಕೌದಿ ಹಾಳಾಯಿತೆಂಬ ಸಂಕಟ, ನಿಮಗೆ ಪಾಠದ ಹುಚ್ಚು. “ನೋಡು ಬಾಲ್ಕಿಯಾ, ಪ್ರತಿಯೊಂದು ಜೀವದ ಮೈಯೊಳಗೂ ಹೀಗೆ ಎಳೆಗಳಿರ್ತವೆ. ದೊಡ್ಡ ಪರ್ವತದ ಕಾಡುಕುರಿಗೆ ಒಂದು ಲೆಕ್ಕ, ಮರಳುಗಾಡಿನ ಅಂಚಿನದಕ್ಕೆ ಇನ್ನೊಂದು ಲೆಕ್ಕ. ನಮ್ಮ ಬೆಟ್ಟದ್ದು ಇವೆರಡರ ಮನೆಗೂ ಸೇರಿದ್ದಲ್ಲ. ಎಷ್ಟೋ ಕಾಲದ ಹಿಂದೆನೇ ಪಾಲಾಗಿ ಬೇರೆ ಬಂದ ದಾಯಾದಿ ಇದು,” ಅಂದಿರಿ. ಆ ಎಳೆ ಎಣಿಸಬೇಕಾದರೆ ಉಸಿರಾಡುವ ಪ್ರಾಣಿಯ ರಕ್ತವೇ ಬೇಕು, ಒಣಗಿದ ಚರ್ಮ, ಮೂಳೆ ತಂದು ಪ್ರಯೋಜನವಿಲ್ಲ ಎಂದೂ ಹೇಳಿದಿರಿ. ಎಣಿಸಿ ಅದು ಬೇರೆಯೇ ಕವಲು ಎಂದು ತೋರಿಸಿದರೆ ಅಳಿವಿನಂಚಿನ ಜೀವಿಗಳ ಕೆಂಪು ಪುಸ್ತಕದಲ್ಲಿ ಹೆಸರು ಸೇರುತ್ತದೆ, ಬೆಟ್ಟಕ್ಕೆ ಬಂದೂಕು ಹತ್ತುವಂತಿಲ್ಲ. ತೋರಿಸಲಾಗದಿದ್ದರೆ ‘ಪರ್ವತದ ಕುರಿಯೇ ಇದು, ಅಲ್ಲಿ ಬೇಕಾದಷ್ಟಿವೆ, ಇಲ್ಲಿ ಹೋದರೆ ಹೋಗಲಿ’ ಅನ್ನುತ್ತಾರೆ. ಇಷ್ಟು ಗೊತ್ತಾಗಲು ನನಗೆ ಒಂದು ಕೌದಿ ಸಾಕಾಯಿತು. ನಿಮ್ಮ ಪ್ರೊಫೆಸರರಿಗೆ ಒಂದು ಆಯುಷ್ಯ ಸಾಲಲಿಲ್ಲ.

ಅದಕ್ಕಾಗಿ ನೀವು ಪಟ್ಟ ಪಾಡು ದೇವರೇ ಬಲ್ಲ. ಚಳಿಗಾಲದಲ್ಲಿ ಉಪ್ಪುಗಲ್ಲು ಬೆನ್ನಿಗೆ ಕಟ್ಟಿಕೊಂಡು ಹತ್ತಿ, ಬಂಡೆಯ ಮೇಲಿಟ್ಟು, ದೂರ ಕೂತು, ಆ ಮುದಿ ಟಗರು ಹರಕುಕಿವಿ ನಿಮ್ಮ ಕೈವಾಸನೆಗೆ ಹೆದರದ ಹಾಗೆ ಮಾಡಿಕೊಂಡಿರಿ. ನನ್ನ ಜೊತೆ ಮಾತಾಡಿದ್ದಕ್ಕಿಂತ ಅದರ ವಿಷಯ ಮಾತಾಡಿದ್ದೇ ಹೆಚ್ಚು. ಅದು ಎಡಗಿವಿ ಹರಿದುಕೊಂಡು ತೋಳದ ಬಾಯಿಂದ ಹೇಗೆ ತಪ್ಪಿಸಿಕೊಂಡಿತು ಎನ್ನುವ ಕಥೆ ಇಲ್ಲದೆ ಮರ್ಜಿಯಾ ಮಲಗುತ್ತಲೇ ಇರಲಿಲ್ಲ. ಆಯೋಗ ಬಂದಾಗ ಬಲೆ ಹಾಕಿ ಹಿಡಿದು, ಸೂಜಿ ಚುಚ್ಚಿ, ಬಿಟ್ಟುಬಿಡುವುದು ಎಂದು ಲೆಕ್ಕ ಹಾಕಿದ್ದಿರಿ. ಅಷ್ಟರಲ್ಲಿ ಬಂಡೆಯಿಂದ ಬಿದ್ದಿರಿ. ನಿಮ್ಮ ಅಣ್ಣ, ನಮ್ಮ ಮೀಸೆ ಭಾವ, ನಿಮ್ಮನ್ನು ಬೆನ್ನ ಮೇಲೆ ಹೊತ್ತು ಇಳಿಸಿದರು. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಆ ನೋವಿನಲ್ಲೂ ಅವರ ಕಿವಿಯಲ್ಲಿ ಉಪ್ಪಿನ ಜಾಗ ಹೇಳಿದಿರಂತೆ, “ಅಣ್ಣಾ, ನಾನು ಬರೋದು ತಡ ಆದ್ರೆ ಅವರಿಗೆ ನೀನೇ ತೋರಿಸು” ಅಂತ. ನನಗೆ ಹೇಳಬಹುದಿತ್ತು. ಹೇಳಲಿಲ್ಲ.

ಮಂಗಳವಾರ ಮಧ್ಯಾಹ್ನ ಜೀಪಿನಲ್ಲಿ ಬಂದರು. ಪ್ರೊಫೆಸರ್ ವಾದಿಮ್ ಅರ್ಕಾದಿಯೆವಿಚ್, ನೀವು ದೇವರ ಹಾಗೆ ಹೇಳುತ್ತಿದ್ದವರು, ಬಿಳಿ ಗಡ್ಡ, ಮೆತ್ತನೆ ಮಾತು. ಜೊತೆಗೆ ರಕ್ತ ತೆಗೆಯುವ ಹುಡುಗಿ ರೈಸಾ, ಗಾಜಿನ ಕೊಳವೆಗಳ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದವಳು. ಚಹಾ ಕುಡಿಯುತ್ತಾ ಪ್ರೊಫೆಸರು, “ಆ ಟಗರನ್ನು ಒಮ್ಮೆ ಮುಟ್ಟಿ ನೋಡಿದರೆ ನನ್ನ ಜನ್ಮ ಸಾರ್ಥಕ,” ಅಂದರು. ನನ್ನ ಕಣ್ಣಲ್ಲಿ ನೀರು ಬಂತು, ನೀವು ಕೇಳಬೇಕಿತ್ತು ಅನ್ನಿಸಿತು. ಮರುದಿನ ಬೆಳಿಗ್ಗೆಯೇ ಬಲೆ ತೆಗೆದುಕೊಂಡು ಹೊರಡೋಣ ಎಂದು ರೈಸಾ ಅಂದಳು. ಭಾವ ಮೀಸೆ ತಿರುವಿ, “ನಾಳೆ ಗಾಳಿ ಸರಿಯಿಲ್ಲ, ನಾಡಿದ್ದು ಹೋಗೋಣ. ನಾಳೆ ನೀವು ನಮ್ಮ ಅತಿಥಿಗಳು,” ಅಂದರು. ಸರ್ಕಾರಿ ಕುರಿ ಫಾರ್ಮಿನ ಡೈರೆಕ್ಟರ್ ದೋಸಿಮ್‌ಖಾನ್ ಪಕ್ಕದಲ್ಲೇ ಕೂತು ತಲೆ ಆಡಿಸುತ್ತಿದ್ದರು. ಪಕ್ಷದ ಜಿಲ್ಲಾ ಕಾರ್ಯದರ್ಶಿಗಳೂ ಊಟಕ್ಕೆ ಬರುತ್ತಾರಂತೆ, ಅತಿಥಿಗಳು ನಿಮ್ಮವರಾದ್ದರಿಂದ ಊಟ ನಮ್ಮ ಮನೆಯಲ್ಲೇ ಅಂತ ತೀರ್ಮಾನವಾಯಿತು. ನಾನು ಖುಷಿಯಿಂದ ಒಪ್ಪಿದೆ. ಹಿಟ್ಟು ನಾದಲು ಪಕ್ಕದ ಮನೆಯವರನ್ನೂ ಕರೆದೆ. ಎಂಥಾ ಪೆದ್ದಿ ನಾನು!

ಬುಧವಾರ ಮಧ್ಯಾಹ್ನ ದಾಟಿದ ಮೇಲೆ ಭಾವ ಕುರಿ ತಂದರು. ಚರ್ಮ ಸುಲಿದಿತ್ತು, ಕಡಿದಿತ್ತು, ತಲೆಯ ಕೂದಲು ಸುಟ್ಟು ಕೊಂಬು ಒಡೆದು ತೆಗೆದಾಗಿತ್ತು. ಇಷ್ಟು ವರ್ಷದಲ್ಲಿ ಆ ಮನುಷ್ಯ ಅಡುಗೆಯವರಿಗೆ ಇಷ್ಟು ಅನುಕೂಲ ಮಾಡಿಕೊಟ್ಟದ್ದೇ ಇಲ್ಲ. ನನಗೆ ಆಗಲೇ ಹೊಳೆಯಬೇಕಿತ್ತು. ಮಾಂಸ ತೊಳೆಯುತ್ತಾ ಬಾಲ ಹುಡುಕಿದೆ. ನಮ್ಮ ಕುರಿಗೆ ದಿಂಬಿನಷ್ಟು ಕೊಬ್ಬಿನ ಬಾಲ ಇರುತ್ತದಲ್ಲ, ಅದು ಇಲ್ಲ. “ಬಾಲ ಎಲ್ಲಿ ಭಾವ?” ಎಂದು ಕೇಳಿದೆ. “ಓಹ್, ಅದು ಬೇರೆ ಚೀಲದಲ್ಲಿದೆ,” ಎಂದು ಹೊರಗೆ ಹೋಗಿ ಒಂದು ಬಾಲ ತಂದು ಹಲಗೆಯ ಮೇಲಿಟ್ಟರು. ಬಾಲದ ಕೊಬ್ಬು ಹಳದಿ, ಹಲಗೆಯ ಮೇಲಿನ ಮಾಂಸ ಕಡುಗೆಂಪು, ಎಲ್ಲೂ ಕೊಬ್ಬಿನ ಎಳೆಯಿಲ್ಲ. ಕಾಲಿನ ಮೂಳೆ ನಮ್ಮ ಕುರಿಯದಕ್ಕಿಂತ ಗೇಣು ಉದ್ದ. ರೀ, ಆ ಕುರಿಯ ತಲೆಯನ್ನು ಎತ್ತಿ ಕಿವಿ ನೋಡುವ ಧೈರ್ಯ ಬರಲಿಲ್ಲ.

“ಇದು ಮನೆ ಕುರಿ ಅಲ್ಲ,” ಅಂದೆ. ಭಾವ ಬಾಗಿಲು ಮುಂದಕ್ಕೆ ತಳ್ಳಿ, “ಮೆಲ್ಲಗೆ ಮಾತಾಡಮ್ಮಾ, ಅತಿಥಿಗಳು ಪಕ್ಕದ ಕೋಣೇಲಿದಾರೆ,” ಅಂದರು. “ಆ ಜಾಗ ನಿಮಗೆ ನಂಬಿ ಹೇಳಿದ್ದು ಅಲ್ವಾ ಭಾವ?” ಅಂದೆ. ಆಗ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಒಂದು ಅಕ್ಷರ ಸೇರಿಸುವುದಿಲ್ಲ: “ಅಷ್ಟು ದೂರದಿಂದ ಬಂದಿರೋ ದೊಡ್ಡ ಮನುಷ್ಯನ ಮುಂದೆ ಡ್ರೈವರಿಗೆ ಬಡಿಸೋ ಕುರಿ ತಲೆ ಇಡೋದಾ? ಕಾರ್ಯದರ್ಶಿ ಎದುರಿಗೆ? ನಮ್ಮ ಅಪ್ಪನ ಹೆಸರು ಏನಾಗಬೇಕು? ಮುದಿ ಟಗರು ಅದು, ಈ ಚಳಿಗಾಲ ದಾಟ್ತಿರಲಿಲ್ಲ. ತಮ್ಮನಿಗೆ ಬೇರೆ ಹಿಡಿದುಕೊಟ್ಟರಾಯ್ತು.” ಆ ಮುಖದಲ್ಲಿ ಕಳ್ಳತನ ಇರಲಿಲ್ಲ, ಅದೇ ನನಗೆ ಹೆಚ್ಚು ಅಸಹ್ಯವಾದದ್ದು. ಹೆಮ್ಮೆ ಇತ್ತು. ಮನೆಯ ಮರ್ಯಾದೆ ಉಳಿಸಿದೆ ಎನ್ನುವ ಹೆಮ್ಮೆ! ನೀವು ಉಪ್ಪು ಕೊಟ್ಟು ಕೊಟ್ಟು ಹೆದರಿಕೆ ಬಿಡಿಸಿದ ಪ್ರಾಣಿ, ಮನುಷ್ಯನ ವಾಸನೆ ಬಂದರೂ ಓಡದೆ ನಿಂತಿತ್ತಂತೆ. ಅದನ್ನೂ ಅವರೇ ಹೇಳಿದರು, ಬಹಳ ಸುಲಭವಾಯಿತು ಅನ್ನುವ ಹಾಗೆ.

ನಾನು ಹಿಟ್ಟಿನ ಕೈಯಲ್ಲೇ ಓಡಿಹೋಗಿ ರೈಸಾಳನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು ಹೇಳಿದೆ, ಏನಾದರೂ ಉಳಿದೀತೇ ನೋಡು ಅಂತ. ಅವಳು ಬಂದು ಮಾಂಸ ಮುಟ್ಟಿದಳು, ಮೂಳೆ ಮುಟ್ಟಿದಳು. “ಅಕ್ಕಾ, ಬೆಳಿಗ್ಗೆ ಉಸಿರಾಡ್ತಿದ್ದಾಗ ಒಂದು ಚಮಚ ರಕ್ತ ಸಿಕ್ಕಿದ್ದರೆ ಸಾಕಿತ್ತು. ಈಗ ಇದು ಬರೀ ಮಾಂಸ,” ಅಂದಳು. ಪ್ರೊಫೆಸರಿಗೆ ಹೇಳಿ ಊಟ ನಿಲ್ಲಿಸುತ್ತೇನೆ ಎಂದು ಹೋದವಳು ಸ್ವಲ್ಪ ಹೊತ್ತಿನಲ್ಲೇ ಮುಖ ಸಣ್ಣ ಮಾಡಿಕೊಂಡು ಬಂದಳು. “ಗಲಾಟೆ ಮಾಡಬೇಡ, ಆತಿಥ್ಯ ಕೊಡುವವರನ್ನು ಅವಮಾನಿಸಬಾರದು,” ಅಂದರಂತೆ ನಿಮ್ಮ ಆ ದೇವರು. ಒಲೆ ಹೊತ್ತಿತ್ತು, ನೀರು ಕುದಿಯುತ್ತಿತ್ತು. ನಾನು ಬೇಯಿಸಿದೆ. ಬೇಯಿಸದೆ ಇದ್ದಿದ್ದರೆ ಭಾವನ ಹೆಂಡತಿ ಬೇಯಿಸುತ್ತಿದ್ದಳು ಅಂತ ಸಮಾಧಾನ ಹೇಳಿಕೊಂಡೆ, ಆದರೆ ಆ ಸಮಾಧಾನವೂ ಜಿಡ್ಡಿನ ಜೊತೆ ಕೈಗೆ ಅಂಟಿಕೊಂಡಿದೆ.

ಸಂಜೆ ಎಲ್ಲರೂ ಕೂತರು. ದೊಡ್ಡ ಅತಿಥಿಗೆ ಸಲ್ಲುವ ತಲೆಯನ್ನು ತಟ್ಟೆಯಲ್ಲಿಟ್ಟು, ಮುಖ ಪ್ರೊಫೆಸರ ಕಡೆ ತಿರುಗಿಸಿ ಭಾವ ಎರಡು ಕೈಯಲ್ಲಿ ಕೊಟ್ಟರು. ನಾನು ಚಹಾ ಕಾಯಿಸುವ ಸಮೋವಾರದ ಹತ್ತಿರ ಕೂತಿದ್ದೆ, ಎಲ್ಲ ಕಾಣುತ್ತಿತ್ತು. ಆ ಮನುಷ್ಯ ತಲೆಯನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಕೊಂಬು ಒಡೆದ ಜಾಗವನ್ನು ಸವರಿದರು. ತುಟಿ ಸರಿಸಿ ಹಲ್ಲು ನೋಡಿದರು. ಜೀವಮಾನವೆಲ್ಲ ತಲೆಬುರುಡೆ ಹಿಡಿದ ಕೈ ಅದು, ತಾನು ಏನು ಹಿಡಿದಿದ್ದೇನೆ ಎಂದು ಆ ಕೈಗೆ ಗೊತ್ತಾಯಿತು. ಈಗ ಎದ್ದು ನಿಲ್ಲುತ್ತಾರೆ, ತಟ್ಟೆ ನೂಕುತ್ತಾರೆ, ಎಲ್ಲರಿಗೂ ಉಗಿಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ಚಾಕು ತೆಗೆದುಕೊಂಡರು. ಎಷ್ಟು ಚೆನ್ನಾಗಿ ನಮ್ಮ ಪದ್ಧತಿ ಕಲಿತಿದ್ದಾರೆ ಅಂತೀರಿ! ಕೆನ್ನೆಯ ಮಾಂಸ ಕೊಯ್ದು ಕಾರ್ಯದರ್ಶಿಗೆ ಕೊಟ್ಟರು. ದೊಡ್ಡವರ ಮಾತು ಕೇಳಿ ಬೆಳೆಯಲಿ ಅಂತ ಕಿವಿಯನ್ನು ಮನೆಯ ಕಿರಿಯ ಮಗುವಿಗೆ ಕೊಡಬೇಕಲ್ಲ, ಅದನ್ನೂ ಮರೆಯಲಿಲ್ಲ. ಎಡಗಿವಿ ಕೊಯ್ದು ಮರ್ಜಿಯಾಳನ್ನು ಕರೆದರು.

ಮರ್ಜಿಯಾ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. “ಅಮ್ಮಾ, ಇದು ಹರಿದಿದೆ. ಇದು ಅಪ್ಪನ ಹರಕುಕಿವಿದು ಅಲ್ವಾ?” ಅಂದಳು. ಹಲ್ಲಿಲ್ಲದ ಬಾಯಿಂದ ಅಷ್ಟು ಸ್ಪಷ್ಟವಾಗಿ ಅವಳು ಯಾವತ್ತೂ ಮಾತಾಡಿಲ್ಲ. ಇಡೀ ಪಂಕ್ತಿಯ ದವಡೆಗಳು ನಿಂತವು. ಭಾವ ಚಾಪೆ ನೋಡುತ್ತಾ ಕೂತರು. ಆಗ ನಿಮ್ಮ ಪ್ರೊಫೆಸರು ಅವಳ ತಲೆ ಸವರಿ, “ಇಲ್ಲ ಪುಟ್ಟಿ, ಫಾರ್ಮಿನ ಕುರಿಗಳಿಗೆ ಗುರುತು ಸಿಗಲಿ ಅಂತ ಕಿವಿ ಕತ್ತರಿಸ್ತಾರೆ. ತಿನ್ನು, ತಿನ್ನು,” ಅಂದರು. ದೋಸಿಮ್‌ಖಾನ್ ಜೋರಾಗಿ ನಕ್ಕು ವಿಜ್ಞಾನಕ್ಕೆ ಜಯವಾಗಲಿ ಎಂದು ಲೋಟ ಎತ್ತಿದರು. ಎಲ್ಲರೂ ಎತ್ತಿದರು, ಮತ್ತೆ ತಿನ್ನತೊಡಗಿದರು. ಗೊತ್ತಿಲ್ಲದೆ ತಿಂದಿದ್ದರೆ ಕ್ಷಮಿಸಬಹುದಿತ್ತು ರೀ. ಗೊತ್ತಿದ್ದೂ ಬೆರಳು ನೆಕ್ಕಿದರು. ಥೂ! ಕತ್ತರಿಸಿದ್ದಕ್ಕೂ ಹರಿದದ್ದಕ್ಕೂ ವ್ಯತ್ಯಾಸ ಗೊತ್ತಿಲ್ಲವೇ ಆ ಗಡ್ಡಕ್ಕೆ? ನಾಲಿಗೆಯ ತುದಿಯಲ್ಲಿ ಹುಟ್ಟಿದ ಸುಳ್ಳನ್ನು ಒಂದು ಮಗುವಿಗೆ ಪಾಠದ ಹಾಗೆ ಹೇಳಿಕೊಟ್ಟರು. ರೈಸಾ ಎದ್ದು ಹೊರಗೆ ಹೋದವಳು ಬಾವಿಕಟ್ಟೆಯ ಹತ್ತಿರ ವಾಂತಿ ಮಾಡಿಕೊಳ್ಳುತ್ತಿದ್ದದ್ದು ಕೇಳಿಸಿತು. ಮರ್ಜಿಯಾ ತಿನ್ನಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ಬಂದು ನನ್ನ ಬೆನ್ನಿಗೆ ಅಂಟಿ ನಿಂತಳು.

ನಾನು ಜಗಳವಾಡಲಿಲ್ಲ, ನೀವು ಹೆದರಬೇಡಿ. ಚಹಾ ಬಗ್ಗಿಸಿದೆ, ಅಷ್ಟೇ. ಪ್ರೊಫೆಸರ ಬಟ್ಟಲನ್ನು ಅಂಚಿನ ತನಕ, ಇನ್ನೊಂದು ಹನಿ ಬಿದ್ದರೆ ಚೆಲ್ಲುವಷ್ಟು ತುಂಬಿಸಿ ಎರಡು ಕೈಯಲ್ಲಿ ಕೊಟ್ಟೆ. ಅತಿಥಿಗೆ ಅರ್ಧ ಬಟ್ಟಲು ಕೊಟ್ಟರೆ ಇನ್ನೂ ಕೂತಿರಿ ಅಂತ, ತುಂಬಿ ಕೊಟ್ಟರೆ ಎದ್ದು ನಡೆಯಿರಿ ಅಂತ ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಭಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. ದೋಸಿಮ್‌ಖಾನರ ಮುಖ ಸುಣ್ಣದ ಹಾಗಾಯಿತು. ನಿಮ್ಮ ಅಮ್ಮ ಮೂಲೆಯಿಂದ, “ಹೂಂ, ತುಂಬು, ಚೆನ್ನಾಗಿ ತುಂಬು,” ಅಂದರು. ಪ್ರೊಫೆಸರು ಮಾತ್ರ, “ಎಂಥ ಧಾರಾಳ ಕೈ!” ಎಂದು ಹೊಗಳಿ ಸೊರ್ರನೆ ಹೀರಿದರು. ಎಲ್ಲ ಪದ್ಧತಿ ಕಲಿತವರಿಗೆ ಇದೊಂದನ್ನು ಯಾರೂ ಕಲಿಸಿರಲಿಲ್ಲ, ಯಾಕೆಂದರೆ ಇಲ್ಲಿಯ ತನಕ ಯಾರೂ ಅವರಿಗೆ ತುಂಬಿದ ಬಟ್ಟಲು ಕೊಟ್ಟಿರಲಿಲ್ಲ.

ನಿನ್ನೆ ಬೆಳಿಗ್ಗೆ ಹೊರಡುವ ಮುಂಚೆ ಉಪ್ಪಿನ ಬಂಡೆಗೆ ಹೋಗಿ ಬೈನಾಕ್ಯುಲರ್‌ನಲ್ಲಿ ಅತ್ತ ಇತ್ತ ನೋಡಿ ಬಂದರು. ಆಮೇಲೆ ನಮ್ಮ ಮನೆಯ ಮೆಟ್ಟಿಲ ಮೇಲೇ ಕೂತು ವರದಿ ಓದಿ ಹೇಳಿದರು. ಜೀವಂತ ಪ್ರಾಣಿ ಕಾಣಸಿಗಲಿಲ್ಲವಂತೆ. ಬೇರೆ ಕವಲು ಎನ್ನುವುದಕ್ಕೆ ಆಧಾರ ಇಲ್ಲವಂತೆ. ಸ್ಥಳೀಯ ಸಂಶೋಧಕರ ಹಿಂದಿನ ವರದಿಗಳನ್ನು, ಅಂದರೆ ನಿಮ್ಮವನ್ನು, ಮತ್ತೊಮ್ಮೆ ಪರಿಶೀಲಿಸಬೇಕಂತೆ. ಹಲ್ಲಿನ ಸಂದಿಯಲ್ಲಿ ಆಧಾರ ಸಿಕ್ಕಿಸಿಕೊಂಡೇ ಆಧಾರ ಇಲ್ಲ ಅಂದರು ರೀ! ನಾನು ಅದನ್ನೇ ಕೇಳಬೇಕು ಅಂತ ಬಾಯಿ ತೆರೆದೆ, ಜೀಪು ಶುರುವಾಯಿತು. ಕೊಂಬುಗಳು ಈಗ ದೋಸಿಮ್‌ಖಾನರ ಕಚೇರಿಯ ಗೋಡೆಯ ಮೇಲಿವೆ, ಟೋಪಿ ನೇತುಹಾಕಲು ಅನುಕೂಲವಾಗಿದೆಯಂತೆ. ರೈಸಾ ಆ ವರದಿಗೆ ಸಹಿ ಹಾಕಲಿಲ್ಲ. ಹತ್ತುವ ಮುಂಚೆ ಕೊಳವೆಗಳ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, “ಕಾದಿಡಿ ಅಕ್ಕಾ, ಮರಿ ಹಾಕೋ ಕಾಲಕ್ಕೆ ನನ್ನ ಸ್ವಂತ ರಜೆ ಹಾಕಿ ಬರ್ತೀನಿ,” ಅಂದಳು. ಅದನ್ನು ನಿಮ್ಮ ಚಳಿಗಾಲದ ಅಂಗಿಗಳ ಮಧ್ಯೆ ಇಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ನಾನೂ ಮರ್ಜಿಯಾಳೂ ಕತ್ತೆ ಹೊಡೆದುಕೊಂಡು ಬೆಟ್ಟ ಹತ್ತಿದೆವು. ಬಂಡೆಯ ಮೇಲೆ ರಕ್ತ ಕಪ್ಪಗಾಗಿತ್ತು. ಉಪ್ಪುಗಲ್ಲನ್ನು ಕಿತ್ತು ಕತ್ತೆಯ ಮೇಲೆ ಹೇರಿ ಬೇರೆ ಕಡೆಗೆ ಸಾಗಿಸಿದೆ. ನಿಮ್ಮಷ್ಟು ಜಾಣತನದ ಜಾಗವೋ ಅಲ್ಲವೋ ಗೊತ್ತಿಲ್ಲ, ನನ್ನ ಮೊಣಕಾಲಿನ ಚರ್ಮ ಪೂರಾ ಹೋಯಿತು. ಮರ್ಜಿಯಾ ಆ ಕಿವಿಯನ್ನು ಹಳೆಯ ಬಂಡೆಯ ಕೆಳಗೆ ಇಟ್ಟು ಕಲ್ಲು ಮುಚ್ಚಿದಳು. ಕೆಳಗಿಳಿಯುವಾಗ ಎದುರಿನ ದಿಬ್ಬದ ಮೇಲೆ ಹೆಣ್ಣುಕುರಿಗಳು ಕಂಡವು, ಅವುಗಳ ಹಿಂದೆ ಒಂದು ಎಳೆಯ ಟಗರು. ನಮ್ಮನ್ನು ಕಂಡ ಕೂಡಲೇ ಓಡಿದವು. ನನಗೆ ಅದಕ್ಕಿಂತ ಸಂತೋಷ ಬೇರೆ ಇರಲಿಲ್ಲ. ಹೆದರಲಿ, ಮನುಷ್ಯರನ್ನು ಕಂಡರೆ ಸಾಯುವಷ್ಟು ಹೆದರಲಿ. ಉಪ್ಪು ಎಲ್ಲಿದೆ ಅಂತ ನಿಮಗೂ ಬರೆಯುವುದಿಲ್ಲ. ನೀವು ಒಳ್ಳೆಯವರು, ಅದಕ್ಕೇ ಬರೆಯುವುದಿಲ್ಲ. ಕಾಲು ಗುಣವಾಗಲಿ, ನಾನೇ ಕೈಹಿಡಿದು ಕರೆದುಕೊಂಡು ಹೋಗುತ್ತೇನೆ. ವಸಂತಕ್ಕೆ ಆ ಹುಡುಗಿ ಬಂದರೆ ಅವಳಿಗೆ ಯಾವ ತಲೆಯನ್ನೂ ಇಡುವುದಿಲ್ಲ. ರೊಟ್ಟಿ ಮತ್ತು ಅರ್ಧ ಬಟ್ಟಲು ಚಹಾ ಕೊಡುತ್ತೇನೆ.

ಅಮ್ಮ ನಿಮ್ಮ ಹಣೆಗೆ ಮುತ್ತಿಟ್ಟಿದ್ದಾರೆ. ಮರ್ಜಿಯಾ ತನ್ನ ಹಲ್ಲಿನ ಲೆಕ್ಕ ಹೇಳಿದ್ದಾಳೆ. ದೇವರು ನಿಮ್ಮ ಮೂಳೆಯನ್ನು ನೆಟ್ಟಗೆ ಕೂಡಿಸಲಿ, ಬೆನ್ನುಮೂಳೆಯನ್ನೂ ಸ್ವಲ್ಪ ಗಟ್ಟಿ ಮಾಡಲಿ.

ನಿಮ್ಮ ಮನೆಯವಳು,
ಬಾಲ್ಕಿಯಾ

ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಲಕೋಟೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಮ್ಮ ಈಗ ತಾನೇ ಹೇಳಿದರು, ಭಾವ ನಾಳೆಯ ರೈಲಿಗೆ ನಿಮ್ಮನ್ನು ನೋಡಲು ಹೊರಟಿದ್ದಾರಂತೆ. ಪಂಕ್ತಿಯಲ್ಲಿ ಇಲ್ಲದವರ ಪಾಲು ಎತ್ತಿಡಬೇಕಲ್ಲ, ನಿಮ್ಮ ಪಾಲನ್ನೂ ಎತ್ತಿಟ್ಟಿದ್ದರಂತೆ, ಬೆಂದ ತೊಡೆಯ ತುಂಡು, ಉಪ್ಪು ಹಚ್ಚಿ ಬಿಳಿ ಬಟ್ಟೆಯಲ್ಲಿ ಕಟ್ಟಿ. ಫಾರ್ಮಿನ ಕುರಿ ಅಂತ ನಿಮಗೆ ಹೇಳುತ್ತಾರೆ. ನಿಮಗೆ ಹಸಿವಿದೆ, ಗೊತ್ತು. ಬೆನ್ನ ಮೇಲೆ ಹೊತ್ತ ಅಣ್ಣ ಕೈಯಾರೆ ಬಾಯಿಗೆ ಹಿಡಿದರೆ ಬೇಡ ಅನ್ನಲು ನಿಮಗೆ ಬರುವುದಿಲ್ಲ, ಅದೂ ಗೊತ್ತು. ಈ ಒಂದು ಸಲ ‘ಬೇಡ’ ಅನ್ನಿ. ‘ಬಾಲ್ಕಿಯಾಳ ಕೈಯಡುಗೆ, ತಿನ್ನು’ ಅನ್ನುತ್ತಾರೆ. ಅದು ಮಾತ್ರ ನಿಜ.